ಗಂಗವ್ವ ಬದುಕಿಸಿದ ನಾಯಕಿ

ಪರದೆಯ ಮೇಲೆ ನಾಯಕಿ ಕಣ್ಣು ಮುಚ್ಚಿದಳು. ನಾನು ಟೆಂಟಿನೊಳಗೇ ಎದ್ದು ನಿಂತು, ಪಕ್ಕದಲ್ಲಿದ್ದ ನಾದಿನಿ ಗಂಗವ್ವನ ಭುಜ ಹಿಡಿದು ಅಲುಗಾಡಿಸಿದೆ. “ಈಕಿ ಲಗ್ನಾಗಿ ಸುಖದಿಂದ ಇರ್ತಾಳಂತ ಹೇಳಿದ್ದಿ, ಇಲ್ಲಿ ಸತ್ತಾಳಲ್ಲ!”

“ಕುಂತ್ಕೋರಿ ವೈನಿ, ಹಿಂದಿನವ್ರಿಗೆ ಕಾಣಂಗಿಲ್ಲ.”

ಒಂದರ ಹಿಂದೊಂದು ಎರಡು ಬಾಣಂತನವಾಗಿ, ಮೂರು ವರ್ಷ ನಾನು ಹಿರೇಬೆಂಡಿಗೇರಿ ಬಿಟ್ಟು ಕದಲಿರಲಿಲ್ಲ. ಶಿಗ್ಗಾವಿಗೆ ಬಂದ ಸಿನಿಮಾಗಳನ್ನೆಲ್ಲ ಗಂಗವ್ವ ಓಣಿಯವರ ಜೊತೆ ನೋಡಿ ಬಂದು, ನಾನು ಮಲಗಿದ್ದ ಹೊರಸಿನ ಪಕ್ಕ ಕುಳಿತು ಕಥೆ ಹೇಳುತ್ತಿದ್ದಳು. ಈಗ ಟೆಂಟಿನವರು ಅದೇ ಹಳೆಯ ಚಿತ್ರಗಳನ್ನು ಮತ್ತೆ ತಂದಿದ್ದರು. ತಪ್ಪಿಹೋದದ್ದನ್ನೆಲ್ಲ ನೋಡಿಯೇ ಬಿಡೋಣವೆಂದು ಚಕ್ಕಡಿ ಕಟ್ಟಿಸಿಕೊಂಡು ಬರುತ್ತಿದ್ದೆ. ಮೊದಲನೆಯದರಲ್ಲಿ ಕಳೆದುಹೋದ ಮಗ ಸಿಗಲೇ ಇಲ್ಲ. ಎರಡನೆಯದರಲ್ಲಿ ಗಂಡ ತಿರುಗಿ ಬರಲಿಲ್ಲ. ಈಗ ಇದು! ಒಂದಾದರೂ ಇವಳು ಹೇಳಿದಂತೆ ಮುಗಿಯಬಾರದೆ?

ಚಕ್ಕಡಿ ಹತ್ತುವಾಗಲೂ ಬೈಯುತ್ತಲೇ ಇದ್ದೆ. ಅವಳು ತಣ್ಣಗೆ ಹೇಳಿದಳು: “ಬಾಣಂತಿ ಅತ್ತರ ಹಾಲು ಬತ್ತತಾವ ಅಂತ ಅವ್ವ ಅಂದಿದ್ಲು. ಅದಕ್ಕ ಸತ್ತೋರನ್ನೆಲ್ಲ ಬದುಕಿಸೇನಿ ನೋಡ್ರಿ.”

ಆ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಮುಂದೆ ಗಂಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ಅದೇ ಹೊರಸಿನ ಮೇಲೆ ಮಲಗಿ, ಹೊಸ ಸಿನಿಮಾ ನೋಡಿ ಬಂದ ನನ್ನನ್ನು ಕೇಳಿದಳು: “ಆಕಿ ಉಳದಳೇನ್ರಿ?” ಅತ್ತು ಊದಿದ್ದ ನನ್ನ ಮುಖವನ್ನು ಗೋಡೆಯತ್ತ ತಿರುಗಿಸಿ, “ಉಳದಳವಾ, ಎರಡು ಮಕ್ಕಳೂ ಆದುವು” ಎಂದೆ.