ಒಡ್ಡಿನ ಮೇಲೆ ತೆರೆದ ಅಳತೆ ಪುಸ್ತಕ

ನಾನು ಹೊಲ ಅಳೆಯುವವನು. ಸರ್ಕಾರಿ ಮೋಜಣಿಗೆ ಕಾಯದೆ ತಮ್ಮತಮ್ಮಲ್ಲೇ ಹದ್ದು ಗೊತ್ತುಮಾಡಿಕೊಳ್ಳಬೇಕೆನ್ನುವವರು ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆಯಿಂದ ಮೂವತ್ತು ವರ್ಷಗಳಿಂದ ನನ್ನನ್ನು ಕರೆಯುತ್ತ ಬಂದಿದ್ದಾರೆ. ಮನೆ ಶಹಾಬಾದದಲ್ಲಿ. ಮುಂದಿನ ಕೋಣೆಯಲ್ಲಿ ಹೆಂಡತಿಯ ಝೆರಾಕ್ಸ್ ಅಂಗಡಿ.

ನನ್ನ ಅಳತೆ ಪುಸ್ತಕಗಳಿಗೆ ಗೆದ್ದಲು ಹತ್ತಿದ ವರ್ಷ, ಉಳಿದ ಒಂದೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿದವಳು ಅವಳೇ. ಅಂಗಡಿಯ ಮಷಿನ್ ರಿಪೇರಿ ಮಾಡುವವನನ್ನು ಕೂರಿಸಿಕೊಂಡು, ಹಳೆಯ ಕಂಪ್ಯೂಟರೊಂದಕ್ಕೆ ಎರಡು ಹಾರ್ಡ್‌ಡಿಸ್ಕ್ ಹಾಕಿಸಿ ಮೂಲೆಯಲ್ಲಿ ಇಟ್ಟಳು. ನಾನು ಯಾವ ಊರಲ್ಲಿದ್ದರೂ ಪಾಸ್‌ವರ್ಡ್ ಕೊಟ್ಟು ಫೋನಿನಲ್ಲಿ ಅದನ್ನು ತೆರೆಯುವಂತೆ ಮಾಡಿಸಿದಳು. ಇಷ್ಟೆಲ್ಲ ಯಾಕೆ, ಇಂಟರ್ನೆಟ್ಟಿನಲ್ಲೇ ಎಲ್ಲಾದರೂ ಹಾಕಿಡಬಹುದಲ್ಲ ಎಂದು ಕೇಳಿದ್ದೆ.

"ಮಂದಿ ಹೊಲದ ಕಾಗದ ಅವು. ಯಾರದೋ ಕಂಪ್ಯೂಟರ್‌ನಾಗ ಯಾಕ ಇಡಬೇಕ್ರಿ? ನಮ್ಮ ಮನ್ಯಾಗೇ ಇರ್ಲಿ," ಎಂದಳು.

ಮೊದಲ ಸಲ ಅದನ್ನು ತೆರೆದದ್ದು ವಾಡಿ ಸ್ಟೇಷನ್ನಿನಲ್ಲಿ, ಗಾಡಿ ಕಾಯುತ್ತ ಕುಳಿತಾಗ. ನನ್ನದೇ ಕೈಬರಹ, ಅದರ ಮೇಲೆ ಎಂದೋ ಚೆಲ್ಲಿದ ಚಹಾದ ಕಲೆ, ಎಲ್ಲ ಅಂಗೈ ಮೇಲೆ ಬಂದು ನಿಂತವು. ಪಕ್ಕದಲ್ಲಿದ್ದ ಅಪರಿಚಿತನಿಗೂ ತೋರಿಸಿದೆ. ಅವನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಚಿಮ್ಮನಚೋಡದಿಂದ ಕರೆ ಬಂದದ್ದು ಆಮೇಲಿನ ಚಳಿಗಾಲದಲ್ಲಿ, ತೊಗರಿ ರಾಶಿ ಮುಗಿದ ಮೇಲೆ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಒಂದು ಹೊಲವನ್ನು ನಾನು ಎರಡು ಸಮಪಾಲು ಮಾಡಿಕೊಟ್ಟಿದ್ದೆ. ಪಡುವಣ ಪಾಲು ಗಂಡ ತೀರಿಕೊಂಡ ಒಬ್ಬ ಹೆಂಗಸಿನದು. ಮೂಡಣ ಪಾಲು ಅವಳ ಮೈದುನನದಾಗಿತ್ತು, ಅಳತೆಗೆ ಮುಂಚೆಯೇ ಅವನಿಂದ ಊರಿನ ಇನ್ನೊಬ್ಬ ರೈತ ಕೊಂಡಿದ್ದ. ಈಗ ಆ ರೈತ ನಡುವೆ ತಂತಿ ಬೇಲಿ ಹಾಕಲು ಹೊರಟಿದ್ದ. ಆಕೆ ಅಡ್ಡ ಬಂದಿದ್ದಳು.

ನಾನು ಹಳೆಯ ನಕಾಶೆಯ ಪ್ರತಿ ತೆಗೆದುಕೊಂಡು ಹೋಗಿ, ಮೂಡಣ ಮೂಲೆಯಿಂದ ಅಳೆದೆ. ನಕಾಶೆಯಲ್ಲಿದ್ದದ್ದು ಏಳು ಸರಪಳಿ, ಒಂಬತ್ತು ಆಣೆ. ಸರಪಳಿಗೆ ಮೂವತ್ತಮೂರು ಅಡಿ, ಅದರ ಹದಿನಾರನೇ ಒಂದು ಪಾಲು ಆಣೆ. ನಡುವಿನ ಕಲ್ಲು ಸರಿಯಾಗಿ ಅಲ್ಲೇ ಇತ್ತು.

"ಕಲ್ಲು ಸರದಿಲ್ಲ ಅಕ್ಕಾ. ನಾನು ಇಟ್ಟಲ್ಲೇ ಅದ," ಎಂದೆ.

ಆಕೆ ಒಪ್ಪಲಿಲ್ಲ. "ಅವತ್ತು ಸರಪಳಿ ತುದಿ ಹಿಡದಾಕಿ ನಾನೇ ಸಾಹೇಬ್ರೆ. ನೀವು ಬಾಯಿಲೆ ಆರು ಆಣೆ ಅಂದ್ರಿ, ಜಾಲಿ ಗೂಟ ಬಡದ್ರಿ. ಎಂಟು ದಿನ ಬಿಟ್ಟು ಕಲ್ಲು ಇಡಲಿಕ್ಕೆ ಬಂದಾಗ ಗೂಟ ಎಲ್ಲಿತ್ತು? ಇವನೇ ಕಿತ್ತಾನ."

"ಕಾಕಿ, ದನ ತುಳಿದು ಹೋಗಿರಬೇಕು ಅಂತ ಎಷ್ಟು ಸಲ ಹೇಳಬೇಕು ನಾ?" ಎಂದ ರೈತ. ದನಿ ಏರಿಸಲಿಲ್ಲ. ಹನ್ನೆರಡು ವರ್ಷ ಹೇಳಿ ಹೇಳಿ ಸೋತವನಂತೆ ಕಂಡ.

ಆಕೆ ನನ್ನ ಕಡೆ ತಿರುಗಿದಳು. "ಅವತ್ತು ಹೊಲದಾಗ ನಿಂತು ಬರದ ಪುಸ್ತಕ ತರ್ರಿ. ಅದ್ರಾಗ ನೋಡಮು."

ಮೊದಲಾಗಿದ್ದರೆ ಪುಸ್ತಕ ಮನೆಯಲ್ಲಿದೆ, ಮುಂದಿನ ವಾರ ನೋಡೋಣ ಎನ್ನುತ್ತಿದ್ದೆ. ಈಗ ಹಾಗೆ ಹೇಳುವಂತಿರಲಿಲ್ಲ. ಸಿಗ್ನಲ್ ಹುಡುಕುತ್ತ ಒಡ್ಡಿನ ಮೇಲೆ ಹತ್ತಿ ಫೋನು ತೆಗೆದೆ. ಮನೆಯ ಕಂಪ್ಯೂಟರ್ ಸಿಗಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

"ಕರೆಂಟ್ ಹೋಗಿತ್ತು. ಈಗ ಬಂದದ, ಹಚ್ಚೀನಿ. ಐದು ನಿಮಿಷ ತಡೀರಿ," ಎಂದಳು.

ಮೂವರೂ ಬೇವಿನ ಗಿಡದ ಕೆಳಗೆ ಕುಳಿತೆವು. ಆಕೆ ತಂಬಿಗೆಯ ನೀರನ್ನು ನನಗೆ ಕೊಟ್ಟಳು. ನಾನು ಕುಡಿದು ರೈತನತ್ತ ಚಾಚಿದೆ. ಅವನು ಬೇಡವೆಂದು ತಲೆಯಾಡಿಸಿದ.

ಆಮೇಲೆ ಆ ಹಾಳೆ ತೆರೆಯಿತು. ಬಿಸಿಲಿಗೆ ಏನೂ ಕಾಣದೆ, ಟವೆಲ್ಲಿನ ಮರೆ ಮಾಡಿಕೊಂಡು ನೋಡಿದೆ. ಏಳು ಸರಪಳಿ. ಅದರ ಮುಂದೆ ನನ್ನ ಅವಸರದ ಕನ್ನಡ ಅಂಕಿ. ಹಿಗ್ಗಿಸಿ ನೋಡಿದೆ. ಅದು ೬. ಕೆಳಗಿನ ಸಾಲಿನಲ್ಲಿ ಲೆಕ್ಕವೂ ಇತ್ತು, ಅರ್ಧಕ್ಕೆ ಸರಿಯಾಗಿ ಆರೇ ಬರುತ್ತಿತ್ತು. ಮನೆಗೆ ಹೋಗಿ ನಕಾಶೆ ತೆಗೆಯುವಾಗ ನನ್ನ ಅಂಕಿಯನ್ನೇ ನಾನು ೯ ಎಂದು ಓದಿದ್ದೆ. ಗೂಟ ಸಿಗದಿದ್ದಾಗ ಪುಸ್ತಕ ತೆರೆಯದೆ, ನಕಾಶೆ ನೋಡಿ ಕಲ್ಲು ಇಟ್ಟಿದ್ದೆ. ಮೂರು ಆಣೆ, ಅಂದರೆ ಆರು ಅಡಿ, ಹೊಲದ ಉದ್ದಕ್ಕೂ.

ಹೆಂಡತಿ ಮತ್ತೆ ಫೋನ್ ಮಾಡಿದಳು. "ಸಿಕ್ತೇನ್ರಿ?"

"ಸಿಕ್ತು," ಎಂದು ಇಟ್ಟೆ.

ಟವೆಲ್ಲಿನ ಒಳಗೆ ನಾನೊಬ್ಬನೇ ಇದ್ದೆ. ಅಕ್ಷರ ಅಳಿಸಿದೆ ಎಂದರೆ ನಂಬುತ್ತಿದ್ದರು. ಹಾಗೆ ಹೇಳುವ ಮನಸ್ಸು ಬಂದದ್ದು ನಿಜ. ಮೂವತ್ತು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ಹೋಗುತ್ತದಲ್ಲ ಎನಿಸಿತು. ಆದರೆ ಇವನು ಹನ್ನೆರಡು ವರ್ಷ ಕಳ್ಳನೆನಿಸಿಕೊಂಡದ್ದು, ಆಕೆ ಹನ್ನೆರಡು ವರ್ಷ ಸುಳ್ಳಿ ಎನಿಸಿಕೊಂಡದ್ದು, ಎರಡೂ ನನ್ನಿಂದ.

ಟವೆಲ್ ತೆಗೆದು ಫೋನನ್ನು ಇಬ್ಬರ ನಡುವೆ ಹಿಡಿದೆ. "ಗೂಟ ಹ್ಯಾಂಗರ ಹೋಗಿರ್ಲಿ, ಕಲ್ಲು ತಪ್ಪಿದ್ದು ಅದರಿಂದಲ್ಲ. ಅಕ್ಕ ಅಂದಂಗ ಆರೇ ಆಣೆ. ತಪ್ಪು ನಂದು. ನಕಾಶೆದಾಗ ಒಂಬತ್ತು ಬರದೀನಿ, ಅದನ್ನೇ ನೋಡಿ ಕಲ್ಲು ಇಟ್ಟೀನಿ."

ರೈತ ಬಗ್ಗಿ ಆ ಅಂಕಿ ನೋಡಿದ. "ಹಂಗಾದ್ರ ನಾನು ಆಕಿ ಹೊಲ ಉಳಾಕತ್ತೀನಿ ಇಷ್ಟು ವರ್ಷ," ಎಂದ. ಆಮೇಲೆ ಆಕೆಯ ಕಡೆ ನೋಡಿ, "ನೀ ನನಗ ಕಳ್ಳ ಅಂದಿ ಕಾಕಿ. ನನ್ನ ಮಗಳ ಲಗ್ನಕ್ಕೂ ಬರಲಿಲ್ಲ."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಂದೀನಿ ತಮ್ಮಾ. ಭಾಳ ಅಂದೀನಿ." ಅಷ್ಟು ಹೇಳಿ, ನನಗೆ ಕೊಟ್ಟಿದ್ದ ತಂಬಿಗೆಯನ್ನು ತಾನೇ ಅವನ ಮುಂದೆ ಹಿಡಿದಳು. ಅವನು ಕುಡಿದ.

ನನ್ನನ್ನು ಇಬ್ಬರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ರೈತ ಹಾರೆ ತಂದ. ನಾನೂ ಕೈಹಚ್ಚಿ ಕಲ್ಲು ಕಿತ್ತು, ಆರು ಅಡಿ ಮೂಡಣಕ್ಕೆ ನೆಟ್ಟೆವು. ನಕಾಶೆಯ ಮೇಲೆ ತಪ್ಪು ಏನೆಂದು ಬರೆದು ಸಹಿ ಮಾಡಿದೆ. ರೈತ ಆಗಲೇ ಹಸನು ಮಾಡಿಟ್ಟಿದ್ದ ಆ ಆರು ಅಡಿಯ ಪಟ್ಟಿಯಲ್ಲಿ ಇನ್ನೊಂದು ಬೆಳೆ ಅವನೇ ತೆಗೆದುಕೊಳ್ಳಲಿ ಎಂದಳು ಆಕೆ. ಅವನು ಬೇಡ ಎಂದ. ಆ ಮಾತು ಎಲ್ಲಿಗೆ ಮುಟ್ಟಿತೋ, ನಾನು ಬಸ್ಸಿಗೆ ಹೊರಟುಬಂದೆ.

ಮನೆಯಲ್ಲಿ ಎಲ್ಲ ಹೇಳಿದೆ. ಹೆಂಡತಿ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. "ಒಂದು ಅಂಕಿ ತಪ್ಪಿದ್ರ ಇನ್ನೊಂದೂ ತಪ್ಪಿರಬಹುದು. ಕೂಡ್ರಿ, ನೋಡಮು," ಎಂದಳು. ಎರಡು ತಿಂಗಳು, ಅಂಗಡಿ ಮುಚ್ಚಿದ ಮೇಲೆ, ಅವಳು ಪುಸ್ತಕದ ಅಂಕಿ ಓದುವುದು, ನಾನು ನಕಾಶೆ ನೋಡುವುದು. ಇನ್ನೊಂದೇ ಒಂದು ಸಿಕ್ಕಿತು, ಆಡಕಿಯಲ್ಲಿ ಅಣ್ಣತಮ್ಮಂದಿರ ಹೊಲದ್ದು.

ಮರುದಿನವೇ ಸೇಡಂ ಬಸ್ ಹತ್ತಿ ಆಡಕಿಗೆ ಹೋದೆ. ಅಣ್ಣ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ನಿಂತಲ್ಲೇ ತಪ್ಪು ಒಪ್ಪಿಕೊಂಡೆ. ಅವನು ಜೋರಾಗಿ ನಕ್ಕ.

"ಆ ಕಲ್ಲು ಕಿತ್ತು ಅರಿಬಿ ಒಗ್ಯಾಕ ಹಾಕ್ಕೊಂಡೀವಿ ಸಾಹೇಬ್ರೆ. ಈಗ ಇಬ್ರೂ ಕೂಡೇ ಬಿತ್ತತೀವಿ. ಕುಂದ್ರಿ, ರೊಟ್ಟಿ ಉಂಡು ಹೋಗ್ರಿ."

ಉಂಡೆ. ಊಟವಾದ ಮೇಲೂ, ನಕಾಶೆಯ ಮೇಲೆ ತಪ್ಪು ತಿದ್ದಿ ಅವನ ಸಹಿ ತೆಗೆದುಕೊಂಡೆ.