ಇಲ್ಲದ ಎಳೆಗೆ ಗಂಟು

ಸಿಂಗಪುರದಲ್ಲಿ ತಂಗಿ ಜೊತೆ ಮಾತೇ ಇಲ್ಲದ ನಗೆನಾಟಕಕ್ಕೆ ಹೋಗಿದ್ದೆ. ಕೆಂಪು ಮೂಗಿನ ನಟನೊಬ್ಬ ನನ್ನನ್ನು ವೇದಿಕೆಗೆ ಕರೆದು, ಕಣ್ಣಿಗೆ ಕಾಣದ ದಾರದ ತುದಿ ಹಿಡಿಸಿದ. ಎಲ್ಲಾ ಬರೀ ನಟನೆ. ಅವನು ಬೆರಳನ್ನೇ ಕತ್ತರಿ ಮಾಡಿ ದಾರ ಕತ್ತರಿಸಿದಾಗ ನಾನು ಆಯ ತಪ್ಪಿ ಹಿಂದಕ್ಕೆ ಬೀಳಬೇಕಿತ್ತಂತೆ. ನಾನು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯೋಳು. ಎಳೆ ತುಂಡಾದ್ರೆ ಸೇರಿಸೋವರೆಗೂ ನಮ್ಮಲ್ಲಿ ಊಟಕ್ಕೂ ಏಳಲ್ಲ. ತಟ್ಟನೆ ಎರಡೂ ತುದಿ ಹಿಡಿದು ಗಂಟು ಹಾಕಿದೆ. ಅವನು ಮತ್ತೆ ಕತ್ತರಿಸಿದ, ನಾನು ಮತ್ತೆ ಹಾಕಿದೆ. ಐದನೇ ಗಂಟಿಗೆ ಅವನೇ ಸೋತು ನೆಲಕ್ಕೆ ಕುಸಿದ. ಜನ ಬಿದ್ದು ಬಿದ್ದು ನಕ್ಕರು.

"ಅಲ್ಲಿ ದಾರಾನೇ ಇರ್ಲಿಲ್ಲ ಕಣಕ್ಕಾ!" ತಂಗಿಗೆ ನಾಚಿಕೆ.

"ಇಲ್ದೇ ಇರ್ಬೋದು. ತುಂಡಾಗಿದ್ದಂತೂ ನಿಜ ತಾನೇ?" ಅಂದೆ.