ಇಬ್ಬರ ಬಾಯಿಗೂ ಬಾರದ ಹೆಸರು

ನಮ್ಮ ಮನೆಯವರು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಸೂಪರ್‌ವೈಜರ್ ಇದ್ದರು. ಮೋಟೆಬೆನ್ನೂರಿನ ಹೊಲಗಳಲ್ಲಿ ಹೆಂಗಸರು ಟೊಮೆಟೊ ಹೂವಿಗೆ ಬೇರೆ ಗಿಡದ ಪರಾಗ ಹಚ್ಚುತ್ತಿದ್ದರು. ಇವರು ನೋಡುತ್ತಿದ್ದರು. ನೋಡಿ ನೋಡಿ ದಣಿದು ಬಂದು ಚಹಾ ಕೇಳುತ್ತಿದ್ದರು.

ಬೀಜ ಕೊಳ್ಳಲು ಇಟಲಿಯಿಂದ ಲೂಚಿಯಾ ಅನ್ನುವಾಕೆ ವರ್ಷಕ್ಕೊಮ್ಮೆ ಬರುತ್ತಿದ್ದಳು. ಆಕೆಯ ಜೊತೆ ಮಾತಾಡಬೇಕಂತ ಇವರು ಮೊಬೈಲ್ ಹಿಡಿದು ಆಕೆಯ ಭಾಷೆ ಕಲಿಯಲು ಕುಂತರು. ನಾನು ಕರೆದರೆ ಕೇಳಿಸುತ್ತಿರಲಿಲ್ಲ, ಇಟಲಿ ಕೇಳಿಸುತ್ತಿತ್ತು.

"ಶಬ್ದಾನ ಮೊದಲ ತುಂಡು ಮಾಡಬೇಕು. ಪೊ-ಮೊ-ದೋ-ರೊ. ಅಂದ್ರ ಟೊಮೆಟೊ. ಕೊನೀ ತುಂಡಿನ ಹಿಂದಿಂದಕ್ಕ ಜೋರು ಹಾಕಬೇಕು. ಒಂದ ಅಕ್ಷರ ಜೋಡಿ ಬಂದ್ರ ನಡುವ ಸೀಳಬೇಕು."

"ಎಲ್ಲಾದಕ್ಕೂ ಹಂಗನ?"

"ಬಾಳ ಮಟ್ಟಿಗೆ. ಕೆಲವು ಮಾತು ಕೇಳಂಗಿಲ್ಲ."

"ನಿಮ್ಮಂಗ."

ಒಂದು ದಿನವೂ ಬದನೆಕಾಯಿ ಹೆಚ್ಚಿ ಕೊಟ್ಟ ಮನುಷ್ಯ ಅಲ್ಲ. ಶಬ್ದ ಮಾತ್ರ ಬುಟ್ಟಿಗಟ್ಟಲೆ ಹೆಚ್ಚಿದರು.

ಇಷ್ಟು ಕಲಿತರೂ ಆಕೆ ಇವರನ್ನು "ಪರಾ" ಅಂತಲೇ ಕರೆದಳು. ಪೂರಾ ಹೆಸರಿಗೆ ಆಕೆಯ ನಾಲಿಗೆ ಹೊರಳಲಿಲ್ಲ. ನಾವಂತೂ ಗಂಡನ ಹೆಸರು ಹೇಳುವ ಮಂದಿ ಅಲ್ಲ. "ಏನ್ರಿ", "ಕಾವೇರಿ ಅಪ್ಪಾರ", ಇಷ್ಟರಲ್ಲೇ ಸಂಸಾರ ಮುಗಿಸಿದೆ.

ಹಾವೇರಿ ದವಾಖಾನೆಯಲ್ಲಿ ಮಲಗಿದಾಗಲೂ ಅದೇ ರಾಗ. "ಆಕಿಗೆ ಬರಂಗಿಲ್ಲ. ನಿನಗ ಬಂದ್ರೂ ಅನ್ನಂಗಿಲ್ಲ. ಒಮ್ಮೆರ ನನ್ನ ಹೆಸರು ಅಂತಿಯೇನ?"

"ಮನೀಗೆ ನಡೀರಿ, ಅಂತೇನಿ."

ಮನೆಗೇನೋ ಬಂದರು. ಕೇಳಿಸಿಕೊಳ್ಳುವ ಹಾಗೆ ಬರಲಿಲ್ಲ.

ಈ ಸಲ ಲೂಚಿಯಾ ಮನೆಗೇ ಬಂದಳು. ಕಂಪನಿಯ ಜಾಕೀರ್ ಕರೆತಂದಿದ್ದ. ಫೋಟೋದ ಮುಂದೆ ಕೈ ಮುಗಿದು "ಪರಾ..." ಅಂದಳು. ಜಾಕೀರ್ ಪೂರಾ ಹೆಸರು ಹೇಳಿಕೊಟ್ಟ. "ಪರಾಮೆ..." ಅಂದು ಮತ್ತೆ ನಿಂತಳು.

"ಇರಲಿ ಬಿಡ್ರಿ ಅಕ್ಕಾರ, ಪರಾ ಅಂದ್ರೂ ನಡೀತೈತಿ" ಅಂದ ಜಾಕೀರ್.

"ಯಾರಿಗೆ ನಡೀತೈತಿ ತಮ್ಮಾ? ಹೋದವರು ಪೂರಾ ಹೋಗ್ಯಾರ. ಅರ್ಧಾ ಹೆಸರು ಯಾಕ?"

ಸೆರಗು ಎಳೆದುಕೊಂಡು ಆಕೆಯ ಎದುರು ಕುಂತೆ. ತುಂಡು ಮಾಡಿ ಹೇಳಿದರೆ ಹೆಸರು ಹೇಳಿದಂಗಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಪ" ಅಂದೆ. ಆಕೆಯೂ ಅಂದಳು.

"ರ. ಮೇ." ಜೋಡಿ ಅಕ್ಷರ ನಡುವೆ ಸೀಳಿದೆ. ಹಿಂದಿನ ತುಂಡಿಗೆ ಜೋರು ಹಾಕಿದೆ. "ಶಪ್. ಪ."

ಆಕೆ ಕೂಡಿಸಿ ಅಂದಳು. ಸರಿಯಾಗಿ ಬಂತು. ಮುಖ ಮುಚ್ಚಿಕೊಂಡು ಅತ್ತಳು.

ಹೊರಗಿನಾಕೆಯೇ ಅಂದ ಮೇಲೆ ನನ್ನದೇನು? ಫೋಟೋದ ಕಡೆ ತಿರುಗಿದೆ. "ಪರಮೇಶಪ್ಪ" ಅಂದೆ, ತುಂಡು ಮಾಡದೆ.

ಓ ಅನ್ನಲಿಲ್ಲ. ಮೊದಲೂ ಕರೆದ ಕೂಡಲೇ ಓ ಅಂದವರಲ್ಲ.